ಹನ್ನೆರಡು ರನ್ನುಗಳ ಮುನ್ನಡೆ ಸಾಲದೆ ಹೋದ ಮಧ್ಯಾಹ್ನ: 23–22ರ ಬೇಸ್‌ಬಾಲ್ ಪಂದ್ಯವೊಂದರ ಒಳಗುಟ್ಟು

2028ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಶುರುವಾದಾಗ ನಮ್ಮ ಮನೆಗಳಲ್ಲಿ ಟಿವಿ ಹಾಕುವುದು ಕ್ರಿಕೆಟ್‌ಗಾಗಿ. 1900ರ ಪ್ಯಾರಿಸ್ ಕೂಟದ ನಂತರ ಕ್ರಿಕೆಟ್ ಒಲಿಂಪಿಕ್ಸ್‌ಗೆ ಮರಳುತ್ತಿರುವುದು ಇದೇ ಮೊದಲು. ಅದೇ ಕೂಟಕ್ಕೆ ಬೇಸ್‌ಬಾಲ್ ಕೂಡ ಮರಳುತ್ತಿದೆ. ಎರಡನ್ನೂ ಸೇರಿಸಿಕೊಳ್ಳುವ ತೀರ್ಮಾನವಾದದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮದೇ ಮುಂಬೈಯಲ್ಲಿ. ಕ್ರಿಕೆಟ್‌ಗಾಗಿ ಕಾದು ಕುಳಿತವರ ಕಣ್ಣಿಗೆ ಈ ಆಟವೂ ಬಿದ್ದೇ ಬೀಳುತ್ತದೆ. ಆಗ ಮೊದಲು ಕಾಡುವ ಪ್ರಶ್ನೆ: ಬ್ಯಾಟ್ ಇದೆ, ಚೆಂಡು ಇದೆ, ರನ್ ಇದೆ, ಮತ್ತೆ ಮೂರು ಗಂಟೆ ಆಡಿದ ಮೇಲೂ ಸ್ಕೋರ್ 4–3 ಯಾಕೆ?

ಇದಕ್ಕೆ ಉತ್ತರ ಹುಡುಕಲು ನಿಯಮಗಳನ್ನು ಒಂದೊಂದಾಗಿ ಒಪ್ಪಿಸುವುದಕ್ಕಿಂತ, ಆ ನಿಯಮಗಳೆಲ್ಲ ಮೈಮುರಿದು ನಿಂತ ಒಂದು ಪಂದ್ಯವನ್ನು ಹಿಡಿದುಕೊಳ್ಳುವುದು ಒಳ್ಳೆಯದು. 1979ರ ಮೇ 17, ಗುರುವಾರ. ಶಿಕಾಗೊದ ರಿಗ್ಲಿ ಫೀಲ್ಡ್ ಮೈದಾನ. ಆತಿಥೇಯ ಶಿಕಾಗೊ ಕಬ್ಸ್ ತಂಡಕ್ಕೆ ಎದುರಾಳಿಯಾಗಿ ಬಂದದ್ದು ಫಿಲಡೆಲ್ಫಿಯಾ ಫಿಲ್ಲೀಸ್. ನಾಲ್ಕು ಗಂಟೆ ಮೂರು ನಿಮಿಷಗಳ ಆಟದ ಕೊನೆಗೆ ಫಿಲ್ಲೀಸ್ 23, ಕಬ್ಸ್ 22. ಒಟ್ಟು 45 ರನ್, 50 ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸಿದ ಹೊಡೆತ), 11 ಹೋಮ್ ರನ್. ಬೇಸ್‌ಬಾಲ್ ಬಲ್ಲವರಿಗೆ ಇದು ಎಷ್ಟು ವಿಚಿತ್ರವಾದ ಸಂಖ್ಯೆ ಎಂಬುದು ಮನವರಿಕೆಯಾಗಬೇಕಾದರೆ, ಒಂದು ರನ್ ಅಲ್ಲಿ ಹೇಗೆ ಹುಟ್ಟುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಕಾಯಿ ಹಣ್ಣಾಗುವ ಆಟ

ಚೌಕಾಬಾರ ಆಡಿದವರಿಗೆ ಬೇಸ್‌ಬಾಲ್‌ನ ರನ್ ಅರ್ಧ ಅರ್ಥವಾದಂತೆಯೇ. ಚೌಕಾಬಾರದಲ್ಲಿ ಕಾಯಿ ತನ್ನ ಮನೆಯಿಂದ ಹೊರಟು, ಸುತ್ತು ಹಾಕಿ, ನಡುಮನೆ ಸೇರಿದರೆ ಹಣ್ಣು. ದಾರಿಯಲ್ಲಿ ಗುರುತು ಹಾಕಿದ ಮನೆಗಳಲ್ಲಿ ನಿಂತಿರುವಷ್ಟು ಹೊತ್ತು ಅದನ್ನು ಯಾರೂ ಕಡಿಯುವಂತಿಲ್ಲ. ಮನೆ ಬಿಟ್ಟು ಹೊರಬಿದ್ದರೆ ಅಪಾಯ.

ಬೇಸ್‌ಬಾಲ್ ಅಂಗಳದಲ್ಲೂ ನಾಲ್ಕು ಮೂಲೆಗಳಿವೆ. ಬ್ಯಾಟರ್ ನಿಲ್ಲುವ ಜಾಗ ಹೋಮ್ ಪ್ಲೇಟ್. ಅಲ್ಲಿಂದ ಮೊದಲ ಬೇಸ್, ಎರಡನೆಯದು, ಮೂರನೆಯದು, ಮರಳಿ ಹೋಮ್ ಪ್ಲೇಟ್. ಒಂದು ಮೂಲೆಯಿಂದ ಇನ್ನೊಂದಕ್ಕೆ ಸುಮಾರು 27 ಮೀಟರ್. ಪೂರ್ತಿ ಸುತ್ತು ಮುಗಿಸಿ ಮನೆಗೆ ಬಂದರೆ ಒಂದು ರನ್. ಬೇಸ್ ಮೇಲೆ ಕಾಲಿಟ್ಟಿದ್ದರೆ ಕ್ಷೇಮ. ಎರಡು ಬೇಸ್‌ಗಳ ನಡುವೆ ಚೆಂಡು ಹಿಡಿದ ಕೈ ತಗುಲಿದರೆ ಔಟ್. ಕ್ರಿಕೆಟ್‌ನಲ್ಲಿ ಇಪ್ಪತ್ತು ಮೀಟರ್ ಓಡಿದರೆ ಒಂದು ರನ್ ಸಿಗುತ್ತದೆ. ಇಲ್ಲಿ ನೂರಕ್ಕೂ ಹೆಚ್ಚು ಮೀಟರ್ ಓಡಬೇಕು, ಅದೂ ಸಾಮಾನ್ಯವಾಗಿ ಕಂತುಕಂತಾಗಿ: ತಾನೊಮ್ಮೆ ಹೊಡೆದು ಮೊದಲ ಬೇಸ್ ತಲುಪಿ, ಹಿಂದೆ ಬಂದ ಬ್ಯಾಟರ್‌ಗಳು ಹೊಡೆಯುವವರೆಗೂ ಕಾದು ಮುಂದೆ ಸರಿಯಬೇಕು. ಒಂದು ರನ್ನಿಗೆ ಎರಡು ಮೂರು ಮಂದಿಯ ದುಡಿಮೆ ಬೇಕಾಗುವುದು ಇದರಿಂದಲೇ.

ಇದಕ್ಕಿರುವ ಅಡ್ಡದಾರಿ ಹೋಮ್ ರನ್. ಚೆಂಡು ನೆಲಕ್ಕೆ ಬೀಳದೆ ಬೇಲಿ ದಾಟಿದರೆ ಬ್ಯಾಟರ್ ನಿರಾಳವಾಗಿ ಸುತ್ತು ಬರಬಹುದು. ನಮ್ಮ ಸಿಕ್ಸರ್ ಹಾಗೆ. ಆದರೆ ಬೆಲೆ ಸ್ಥಿರವಲ್ಲ: ಆ ಕ್ಷಣಕ್ಕೆ ಬೇಸ್‌ಗಳ ಮೇಲೆ ಎಷ್ಟು ಮಂದಿ ಕಾಯುತ್ತಿದ್ದಾರೋ ಅವರೆಲ್ಲರೂ ಮನೆಗೆ ಬರುತ್ತಾರೆ. ಬೇಸ್ ಖಾಲಿಯಿದ್ದರೆ ಒಂದೇ ರನ್; ಮೂರೂ ಬೇಸ್ ತುಂಬಿದ್ದರೆ ನಾಲ್ಕು. ಈ ನಾಲ್ಕರ ಹೊಡೆತಕ್ಕೆ ಗ್ರ್ಯಾಂಡ್ ಸ್ಲ್ಯಾಮ್ ಎಂದು ಹೆಸರು.

ಚೆಂಡು ಎಸೆಯುವವನು ಪಿಚರ್. ಹದಿನೆಂಟು ಮೀಟರ್‌ಗಿಂತ ತುಸು ದೂರದಿಂದ, ನೆಲ ಮುಟ್ಟಿಸದೆ, ನೇರವಾಗಿ ಎಸೆಯುತ್ತಾನೆ. ಬ್ಯಾಟು ದುಂಡಗಿನದು, ಹೊಡೆದ ಚೆಂಡು ಎದುರಿನ ತೊಂಬತ್ತು ಡಿಗ್ರಿಯ ಕೋನದೊಳಗೇ ಹೋಗಬೇಕು. ಬೀಸಿ ತಪ್ಪಿದ್ದು ಅಥವಾ ಹೊಡೆಯಬಹುದಾಗಿದ್ದ ಚೆಂಡನ್ನು ಬಿಟ್ಟದ್ದು ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಉಚಿತ. ಹತ್ತು ಸಲ ಬ್ಯಾಟ್ ಹಿಡಿದಾಗ ಮೂರು ಸಲ ಹಿಟ್ ಗಳಿಸುವವನನ್ನು ಅಲ್ಲಿ ಶ್ರೇಷ್ಠ ಬ್ಯಾಟರ್ ಎನ್ನುತ್ತಾರೆ. ಹೀಗಾಗಿ ಒಂದು ತಂಡ ಒಂದು ಪಂದ್ಯದಲ್ಲಿ ಸರಾಸರಿ ಗಳಿಸುವುದು ನಾಲ್ಕು ರನ್ನುಗಳ ಆಸುಪಾಸು. 23 ಎಂದರೆ ಐದಾರು ಪಂದ್ಯಗಳ ದುಡಿಮೆಯನ್ನು ಒಂದೇ ಮಧ್ಯಾಹ್ನ ಮುಗಿಸಿದಂತೆ. ಇನ್ನೊಂದು ತಂಡವೂ ಅದನ್ನೇ ಮಾಡಿತು ಎನ್ನುವುದು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ಒಂದೇ ಕಣಜದ ಲೆಕ್ಕ

ಈ ಆಟದ ಹೃದಯ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಸೀಮಿತ ಓವರುಗಳ ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ತಂಡಕ್ಕೆ ಎರಡು ಕಣಜಗಳಿರುತ್ತವೆ. ಒಂದರಲ್ಲಿ ಹತ್ತು ವಿಕೆಟ್, ಇನ್ನೊಂದರಲ್ಲಿ 120 ಅಥವಾ 300 ಎಸೆತ. ಯಾವುದು ಮೊದಲು ಬರಿದಾದರೂ ಆಟ ಮುಗಿಯಿತು. ವಿಕೆಟ್‌ಗಳು ಎಷ್ಟೇ ಉಳಿದಿರಲಿ, ಕೊನೆಯ ಓವರ್‌ನಲ್ಲಿ ಐವತ್ತು ರನ್ ಬೇಕಿದ್ದರೆ ನಾವು ಟಿವಿ ಆರಿಸಿ ಊಟಕ್ಕೆ ಏಳುತ್ತೇವೆ.

ಬೇಸ್‌ಬಾಲ್‌ನಲ್ಲಿ ಎಸೆತಗಳ ಕಣಜವೇ ಇಲ್ಲ. ಇರುವುದು ಔಟ್‌ಗಳದ್ದು ಮಾತ್ರ. ಪಂದ್ಯದಲ್ಲಿ ಒಂಬತ್ತು ಇನಿಂಗ್. ಪ್ರತಿ ಇನಿಂಗ್‌ನಲ್ಲಿ ಎರಡೂ ತಂಡಗಳು ಒಮ್ಮೊಮ್ಮೆ ಬ್ಯಾಟ್ ಮಾಡುತ್ತವೆ. ಮೂರು ಔಟ್ ಆದೊಡನೆ ಪಾಳಿ ಬದಲು. ಹೊರಗಿನಿಂದ ಬಂದ ತಂಡಕ್ಕೆ ಮೊದಲ ಪಾಳಿ, ಆತಿಥೇಯರಿಗೆ ಕೊನೆಯದು. ಒಂಬತ್ತು ಮೂರಲಿ ಇಪ್ಪತ್ತೇಳು. ಅಷ್ಟು ಔಟ್ ಪ್ರತಿ ತಂಡದ ಬಂಡವಾಳ. ಔಟಾದವನು ಆಟದಿಂದ ಹೊರಗೆ ಹೋಗುವುದಿಲ್ಲ. ಒಂಬತ್ತು ಮಂದಿಯ ಸರದಿ ಸುತ್ತುತ್ತಲೇ ಇರುತ್ತದೆ, ಅವನ ಪಾಳಿ ಮತ್ತೆ ಬರುತ್ತದೆ.

ಅಂದರೆ ಔಟಾಗದೆ ಹೊಡೆಯುತ್ತಲೇ ಇದ್ದರೆ ಒಂದು ಇನಿಂಗ್‌ನಲ್ಲಿ ಇಷ್ಟೇ ರನ್ ಎಂಬ ಮಿತಿ ಇಲ್ಲ. ಹನ್ನೆರಡು ರನ್ ಹಿಂದಿದ್ದು ಒಂದೇ ಔಟ್ ಉಳಿದಿದ್ದರೂ ಲೆಕ್ಕದ ಪ್ರಕಾರ ಸೋಲು ಖಚಿತವಲ್ಲ. ಗಡಿಯಾರವೂ ಇಲ್ಲಿ ನೆರವಿಗೆ ಬರುವುದಿಲ್ಲ. ಮುಂದಿರುವ ತಂಡ ಹೊತ್ತು ಕಳೆದು ಗೆಲ್ಲಲಾರದು. ಎದುರಾಳಿಯ ಇಪ್ಪತ್ತೇಳು ಔಟ್‌ಗಳನ್ನೂ ಒಂದೊಂದಾಗಿ ಕಿತ್ತುಕೊಳ್ಳಲೇಬೇಕು.

ಇದರ ಮತ್ತೊಂದು ಮಗ್ಗುಲು ಕಠೋರವಾಗಿದೆ. ಮೂರನೆಯ ಔಟ್ ಬಿದ್ದೊಡನೆ ಬೇಸ್‌ಗಳ ಮೇಲೆ ಕಾಯುತ್ತಿದ್ದವರೆಲ್ಲ ಬರಿಗೈಯಲ್ಲಿ ಹಿಂದಿರುಗಬೇಕು. ಮನೆಗೆ ಇನ್ನೊಂದು ಹೆಜ್ಜೆ ಬಾಕಿ ಇದ್ದರೂ ಆ ದುಡಿಮೆಗೆ ಬೆಲೆಯಿಲ್ಲ. ಮುಂದಿನ ಇನಿಂಗ್ ಖಾಲಿ ಬೇಸ್‌ಗಳಿಂದಲೇ ಶುರು.

ಗಾಳಿ ಎತ್ತ ಬೀಸುತ್ತಿದೆ?

ಹಾಗಿದ್ದರೆ ಆ ದಿನ ಮಾತ್ರ ರನ್ನುಗಳು ಯಾಕೆ ಸುರಿದವು? ಮೈದಾನ ಚಿಕ್ಕದಿದ್ದು ಗಾಳಿ ತೆಳುವಾಗಿದ್ದರೆ ಏನಾಗುತ್ತದೆ ಎಂಬುದು ಬೆಂಗಳೂರಿನವರಿಗೆ ಗೊತ್ತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2024ರ ಏಪ್ರಿಲ್ 15ರಂದು ಹೈದರಾಬಾದ್ ತಂಡ 287 ಹೊಡೆಯಿತು, ಬೆಂಗಳೂರು 262 ಹೊಡೆದೂ ಸೋತಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ತಡೆ ಕಡಿಮೆಯಾಗಿ ಚೆಂಡು ತುಸು ಹೆಚ್ಚು ದೂರ ಹಾರುತ್ತದೆ.

ಶಿಕಾಗೊಗೆ ಆ ಎತ್ತರವಿಲ್ಲ. ಅದರ ಬಳಿ ಇರುವುದು ಮಿಷಿಗನ್ ಸರೋವರ. 1914ರಲ್ಲಿ ತೆರೆದ ರಿಗ್ಲಿ ಫೀಲ್ಡ್ ಆ ಸರೋವರದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಬ್ಯಾಟರ್ ಈಶಾನ್ಯದ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಸರೋವರದ ಕಡೆಯಿಂದ ಗಾಳಿ ಬಂದರೆ ಅದು ಅವನ ಎದೆಗೆ ಬಡಿಯುತ್ತದೆ, ಎತ್ತರಕ್ಕೆ ಹೊಡೆದ ಚೆಂಡನ್ನು ಮರಳಿ ಅಂಗಳಕ್ಕೆ ನೂಕುತ್ತದೆ. ಗಾಳಿ ತೆಂಕಣ ಅಥವಾ ನೈಋತ್ಯದಿಂದ ಬೀಸಿದರೆ ಎಲ್ಲವೂ ತಲೆಕೆಳಗು: ಚೆಂಡಿನ ಬೆನ್ನಿಗೆ ಕೈಯಿಟ್ಟು ಬೇಲಿಯಾಚೆ ತಳ್ಳುತ್ತದೆ. ಹೀಗಾಗಿ ಅಲ್ಲಿ ಪಂದ್ಯಕ್ಕೆ ಹೋಗುವವರು ಮೊದಲು ನೋಡುವುದು ಸ್ಕೋರ್‌ಬೋರ್ಡಿನ ಮೇಲಿರುವ ಬಾವುಟಗಳನ್ನು.

ಆ ಗುರುವಾರ ಬಾವುಟಗಳು ಹೊರಮುಖವಾಗಿ ಪಟಪಟನೆ ಹಾರುತ್ತಿದ್ದವು. ಗಾಳಿಯ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಎತ್ತರಕ್ಕೆ ಹೊಡೆದ ಬೇಸ್‌ಬಾಲ್ ನಾಲ್ಕೈದು ಸೆಕೆಂಡು ಆಕಾಶದಲ್ಲಿರುತ್ತದೆ. ಅಷ್ಟು ಹೊತ್ತು ಬೆನ್ನಗಾಳಿ ಸಿಕ್ಕರೆ ಹಲವು ಮೀಟರ್ ಹೆಚ್ಚು ಹೋಗುತ್ತದೆ. ಬೇಲಿಯ ಬುಡದಲ್ಲಿ ಸುಲಭವಾಗಿ ಕ್ಯಾಚ್ ಆಗಬೇಕಿದ್ದ ಚೆಂಡು ಬೇಲಿಯಾಚೆ ಬೀಳಲು ಅಷ್ಟು ಸಾಕು. ಔಟ್ ಆಗಬೇಕಾದದ್ದು ಹೋಮ್ ರನ್ ಆದರೆ ಎರಡು ನಷ್ಟ: ರನ್ ಹೋಯಿತು, ಕಣಜದಿಂದ ಕಿತ್ತುಕೊಳ್ಳಬೇಕಿದ್ದ ಔಟ್ ಅಲ್ಲೇ ಉಳಿಯಿತು. ಗಾಳಿ ಬಂದಾಗ ತೂರಿಕೋ ಎಂಬ ಮಾತನ್ನು ಎರಡೂ ತಂಡಗಳು ಅಕ್ಷರಶಃ ಪಾಲಿಸಿದ ದಿನವದು.

ಆ ಕಾಲದ ರಿಗ್ಲಿಯಲ್ಲಿ ದೀಪಗಳೂ ಇರಲಿಲ್ಲ. ಕಬ್ಸ್ ಅಲ್ಲಿ ಮೊದಲ ಬಾರಿಗೆ ರಾತ್ರಿ ಪಂದ್ಯ ಆಡಿದ್ದು 1988ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಅಲ್ಲಿ ಅದರ ಎಲ್ಲ ಪಂದ್ಯಗಳೂ ಹಗಲಿನಲ್ಲೇ. ಕೆಲಸದ ದಿನದ ಮಧ್ಯಾಹ್ನವಾಗಿದ್ದರಿಂದ ಅಂದು ಬಂದಿದ್ದವರು 14,952 ಮಂದಿ ಮಾತ್ರ.

ಅಂಕಪಟ್ಟಿ ಓದುವ ಬಗೆ

ಬೇಸ್‌ಬಾಲ್ ಪಂದ್ಯವನ್ನು ಎರಡು ಸಾಲುಗಳಲ್ಲಿ ಬರೆದಿಡುವ ಪದ್ಧತಿಯಿದೆ. ಪ್ರತಿ ಅಂಕಿಯೂ ಆ ಇನಿಂಗ್‌ನಲ್ಲಿ ಬಂದ ರನ್.

ಫಿಲ್ಲೀಸ್: 7 0 8 2 4 0 1 0 0 1 = 23
ಕಬ್ಸ್: 6 0 0 3 7 3 0 3 0 0 = 22

ಸಾಮಾನ್ಯ ಪಂದ್ಯದಲ್ಲಿ ಈ ಸಾಲುಗಳ ತುಂಬ ಸೊನ್ನೆಗಳೇ. ನಡುವೆ ಅಲ್ಲೊಂದು 1, ಇಲ್ಲೊಂದು 2. ಇಲ್ಲಿ ಮೊದಲ ಅಂಕಿಗಳೇ 7 ಮತ್ತು 6. ಎರಡು ಪಾಳಿ ಮುಗಿಯುವ ಹೊತ್ತಿಗೆ ಹದಿಮೂರು ರನ್.

ಆ ಏಳನ್ನು ಬಿಡಿಸಿ ನೋಡಿ. ಮೈಕ್ ಸ್ಮಿಟ್ ಹೊಡೆದ ಹೋಮ್ ರನ್ನಿಗೆ ಮೂರು, ಬಾಬ್ ಬೂನ್ ಹೊಡೆದದ್ದಕ್ಕೆ ಇನ್ನು ಮೂರು. ಉಳಿದ ಒಂದು ರ‍್ಯಾಂಡಿ ಲರ್ಚ್ ಅವರದು. ಲರ್ಚ್ ಯಾರೆಂದರೆ ಫಿಲ್ಲೀಸ್‌ನ ಆ ದಿನದ ಪಿಚರ್! ಈಗ ಪಿಚರ್‌ಗಳ ಬದಲು ಬ್ಯಾಟ್ ಮಾಡಲೆಂದೇ ಒಬ್ಬ ಆಟಗಾರನಿರುತ್ತಾನೆ. ಅಮೆರಿಕದ ಎರಡು ದೊಡ್ಡ ಲೀಗ್‌ಗಳಲ್ಲಿ ನ್ಯಾಷನಲ್ ಲೀಗ್ ಈ ಪದ್ಧತಿಯನ್ನು ಕಾಯಂ ಆಗಿ ಒಪ್ಪಿಕೊಂಡದ್ದು 2022ರಲ್ಲಿ. 1979ರಲ್ಲಿ ಆ ಲೀಗಿನ ಪಿಚರ್‌ಗಳೂ ಬ್ಯಾಟ್ ಹಿಡಿಯಬೇಕಿತ್ತು, ನಮ್ಮ ಹನ್ನೊಂದನೆಯ ಕ್ರಮಾಂಕದ ಬೌಲರ್‌ಗಳ ಹಾಗೆ. ಅಂಥ ಲರ್ಚ್ ಒಂದು ಚೆಂಡನ್ನೂ ಎಸೆಯುವ ಮೊದಲೇ ಹೋಮ್ ರನ್ ಬಾರಿಸಿದರು.

ಏಳು ರನ್ನುಗಳ ಮುನ್ನಡೆ ಬೆನ್ನಿಗಿಟ್ಟುಕೊಂಡು ಚೆಂಡು ಹಿಡಿದ ಅದೇ ಲರ್ಚ್ ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ಹೊರಬೀಳಬೇಕಾಯಿತು. ಕಬ್ಸ್ ಪಿಚರ್ ಡೆನಿಸ್ ಲ್ಯಾಂಪ್ ಅವರಿಗೂ ದಕ್ಕಿದ್ದು ಒಂದೇ ಔಟ್. ಇಬ್ಬರು ಮುಖ್ಯ ಪಿಚರ್‌ಗಳ ದಿನವೂ ಮೊದಲ ಇನಿಂಗ್‌ನಲ್ಲೇ ಮುಗಿಯಿತು.

ಮೂರನೆಯ ಇನಿಂಗ್‌ನಲ್ಲಿ ಫಿಲ್ಲೀಸ್ ಎಂಟು ರನ್ ಸೇರಿಸಿತು. ಐದನೆಯದರಲ್ಲಿ ಅವರ ಪಾಳಿ ಮುಗಿದಾಗ ಸ್ಕೋರ್ 21–9. ಬೇರೆ ಯಾವ ದಿನವಾದರೂ ಜನ ಎದ್ದು ಹೊರಡುವ ಹೊತ್ತು. ಆದರೆ ಕಬ್ಸ್ ಕಣಜದಲ್ಲಿ ಇನ್ನೂ ಹದಿನೈದು ಔಟ್ ಇದ್ದವು, ಗಾಳಿ ಬೀಸುತ್ತಲೇ ಇತ್ತು.

ಟಗ್ ಮೆಗ್ರಾ ಎಂಬ ಅನುಭವಿ ಪಿಚರ್ ಕಬ್ಸ್ ಎದುರು ನಿಂತರು. ಬಿಲ್ ಬಕ್ನರ್ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು, ಜೆರ‍್ರಿ ಮಾರ್ಟಿನ್ ಇನ್ನೊಂದು ಹೋಮ್ ರನ್. ಆ ಒಂದು ಪಾಳಿಯಲ್ಲಿ ಏಳು ರನ್, ಸ್ಕೋರ್ 21–16. ಆರನೆಯದರಲ್ಲಿ ಮೂರು, 21–19. ಹನ್ನೆರಡು ರನ್ನುಗಳ ಅಂತರ ಎರಡು ಪಾಳಿಗಳಲ್ಲಿ ಎರಡಕ್ಕಿಳಿಯಿತು. ಇಷ್ಟರಲ್ಲಿ ಕಬ್ಸ್‌ನ ಡೇವ್ ಕಿಂಗ್‌ಮನ್ ಒಬ್ಬರೇ ಮೂರು ಹೋಮ್ ರನ್ ಹೊಡೆದಿದ್ದರು. ಎತ್ತರದ ಆಳು, ಒಂದೋ ಬೀಸಿ ತಪ್ಪುವುದು ಇಲ್ಲವೇ ಬೀದಿ ದಾಟಿಸುವುದು ಅವರ ಆಟದ ರೀತಿ. ಆ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು, 48 ಹೋಮ್ ರನ್ ಅವರದೇ. ಬಕ್ನರ್ ಅಂದು ತಮ್ಮ ಹೊಡೆತಗಳಿಂದ ಏಳು ರನ್ನುಗಳನ್ನು ಮನೆಗೆ ತಂದರು.

ಏಳನೆಯದರಲ್ಲಿ ಫಿಲ್ಲೀಸ್ ಒಂದು ರನ್ ಸೇರಿಸಿ 22–19 ಮಾಡಿಕೊಂಡಿತು. ಎಂಟನೆಯದರಲ್ಲಿ ಕಬ್ಸ್‌ಗೆ ಮತ್ತೆ ಮೂರು. 22–22.

ಪಿಚರ್ ಯಾಕೆ ಮರಳಿ ಬರಲಾರ?

ಇಲ್ಲಿ ಕ್ರಿಕೆಟ್ ಪ್ರೇಮಿಗಳು ಕೇಳಬಹುದು: ಒಬ್ಬ ಪಿಚರ್ ಹೊಡೆಸಿಕೊಂಡರೆ ಸ್ವಲ್ಪ ಹೊತ್ತು ಫೀಲ್ಡಿಂಗ್‌ಗೆ ಕಳುಹಿಸಿ, ಆಮೇಲೆ ಇನ್ನೊಂದು ಸ್ಪೆಲ್ ಕೊಟ್ಟರಾಗದೇ?

ಸಾಮಾನ್ಯವಾಗಿ ಆಗದು. ಬೇಸ್‌ಬಾಲ್‌ನಲ್ಲಿ ಒಮ್ಮೆ ಆಟದಿಂದ ತೆಗೆದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಜೊತೆಗೆ ಪಿಚರ್ ನೂರು ಚೆಂಡು ಎಸೆಯುವ ಹೊತ್ತಿಗೆ ಭುಜ, ಮೊಣಕೈ ಸೋತಿರುತ್ತವೆ; ಮತ್ತೆ ಪೂರ್ತಿ ಪಂದ್ಯಕ್ಕೆ ಸಿದ್ಧವಾಗಲು ದಿನಗಳೇ ಬೇಕು. ಆದ್ದರಿಂದ ತಂಡಗಳು ಪಿಚರ್‌ಗಳನ್ನು ಅಳೆದು ಸುರಿದು ಬಳಸುತ್ತವೆ. ಮುಖ್ಯ ಪಿಚರ್ ಐದಾರು ಇನಿಂಗ್ ದಾಟಿಸಬೇಕು, ನಡುವಿನವರು ಒಂದೆರಡು ಸಾಗಿಸಬೇಕು, ಅತ್ಯುತ್ತಮನನ್ನು ಕೊನೆಯ ಕ್ಷಣಗಳಿಗೆ ಉಳಿಸಿಕೊಳ್ಳಬೇಕು. ಮುಖ್ಯ ಪಿಚರ್ ಮೊದಲ ಇನಿಂಗ್‌ನಲ್ಲೇ ಕೈಕೊಟ್ಟರೆ ಈ ಲೆಕ್ಕವೆಲ್ಲ ಕುಸಿಯುತ್ತದೆ. ತಿಂಗಳಿಗೆಂದು ತಂದ ಅಕ್ಕಿ ಮೊದಲ ವಾರದಲ್ಲೇ ಮುಗಿದ ಮನೆಯಂತೆ. ಒಂದು ದೊಡ್ಡ ಇನಿಂಗ್ ಇನ್ನೊಂದನ್ನು ಹುಟ್ಟಿಸುವುದು ಹೀಗೆ: ಹೊಡೆಸಿಕೊಂಡಷ್ಟೂ ಹೆಚ್ಚು ಪಿಚರ್‌ಗಳು ಖರ್ಚಾಗುತ್ತಾರೆ, ಉಳಿದವರ ಮೇಲೆ ಹೊರೆ ಬೀಳುತ್ತದೆ.

ಹತ್ತನೆಯ ಇನಿಂಗ್

ಒಂಬತ್ತನೆಯದರಲ್ಲಿ ಯಾರೂ ರನ್ ಗಳಿಸಲಿಲ್ಲ. ಬೇಸ್‌ಬಾಲ್‌ನಲ್ಲಿ ಸಮಬಲವಾದರೆ ಇನಿಂಗ್‌ಗಳನ್ನು ಒಂದೊಂದಾಗಿ ಮುಂದುವರಿಸುತ್ತಾರೆ, ಒಬ್ಬರು ಮುಂದಾಗುವವರೆಗೂ.

ಕಬ್ಸ್ ಈಗ ತನ್ನ ಅತ್ಯುತ್ತಮ ಅಸ್ತ್ರ ಬಿಟ್ಟಿತ್ತು: ಬ್ರೂಸ್ ಸಟರ್. ಎರಡು ಬೆರಳುಗಳನ್ನು ಅಗಲಿಸಿ ಚೆಂಡು ಹಿಡಿದು ಎಸೆಯುವ ಅವರ ಶೈಲಿ ಹೆಸರುವಾಸಿ. ನೇರವಾಗಿ ಬಂದಂತೆ ಕಂಡ ಚೆಂಡು ಬ್ಯಾಟಿನ ಬಳಿ ತಟ್ಟನೆ ಕೆಳಗಿಳಿಯುತ್ತಿತ್ತು. ಗಾಳಿಯ ದಿನ ಇಂಥ ಚೆಂಡಿಗೆ ಹೆಚ್ಚಿನ ಬೆಲೆ, ಏಕೆಂದರೆ ಕೆಳಗಿಳಿಯುವ ಚೆಂಡನ್ನು ಹೊಡೆದರೆ ಅದು ಸಾಮಾನ್ಯವಾಗಿ ನೆಲದ ಮೇಲೆ ಉರುಳುತ್ತದೆ. ಮೇಲೇರದ ಚೆಂಡನ್ನು ಗಾಳಿ ಒಯ್ಯಲಾರದು. ಆ ವರ್ಷದ ಕೊನೆಗೆ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಸಿಕ್ಕಿದ್ದು ಸಟರ್ ಅವರಿಗೇ.

ಎರಡು ಔಟ್ ಆಗಿದ್ದವು. ಎದುರಿಗೆ ಮೈಕ್ ಸ್ಮಿಟ್. ಇದೇ ಮೈದಾನದಲ್ಲಿ ಮೂರು ವರ್ಷಗಳ ಹಿಂದೆ, 1976ರ ಏಪ್ರಿಲ್ 17ರಂದು, ಅವರು ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದಿದ್ದರು. ಅಂದು 13–2ರಿಂದ ಹಿಂದಿದ್ದ ಫಿಲ್ಲೀಸ್ ಹತ್ತು ಇನಿಂಗ್‌ಗಳಲ್ಲಿ 18–16ರಿಂದ ಗೆದ್ದಿತ್ತು. ಈಗ ಅವರು ಸಟರ್ ಎಸೆದ ಚೆಂಡನ್ನು ಎಡಬದಿಯ ಬೇಲಿಯಾಚೆ ಕಳುಹಿಸಿದರು. ಬೇಸ್‌ಗಳು ಖಾಲಿ, ಆದ್ದರಿಂದ ಒಂದೇ ರನ್. 23–22.

ಕಬ್ಸ್‌ಗೆ ಇನ್ನೂ ಮೂರು ಔಟ್‌ಗಳ ಅವಕಾಶವಿತ್ತು. ಒಂಬತ್ತನೆಯ ಇನಿಂಗ್‌ನಿಂದ ಫಿಲ್ಲೀಸ್ ಪರ ಎಸೆಯುತ್ತಿದ್ದವರು ರಾಲಿ ಈಸ್ಟ್‌ವಿಕ್. ಐವತ್ತು ಹಿಟ್‌ಗಳ ಆ ಪಂದ್ಯದಲ್ಲಿ ಅವರು ಎದುರಿಸಿದ್ದು ಆರು ಬ್ಯಾಟರ್‌ಗಳನ್ನು. ಆರೂ ಮಂದಿ ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಹನ್ನೊಂದು ಹೋಮ್ ರನ್ನುಗಳ ಕಥೆ ಹೇಳುವವರು ಈ ಆರು ಔಟ್‌ಗಳನ್ನು ಮರೆಯುತ್ತಾರೆ. ಪಂದ್ಯ ನಿಂತದ್ದು ಇವುಗಳಿಂದ ಎಂದೇ ನನ್ನ ಎಣಿಕೆ.

ಆ ಋತುವಿನಲ್ಲಿ ಫಿಲ್ಲೀಸ್ ತನ್ನ ವಿಭಾಗದಲ್ಲಿ ನಾಲ್ಕನೆಯ ಸ್ಥಾನ, ಕಬ್ಸ್ ಐದನೆಯ ಸ್ಥಾನ ಪಡೆದವು. ಮರುವರ್ಷ ಫಿಲ್ಲೀಸ್ ತನ್ನ ಮೊದಲ ವಿಶ್ವ ಸರಣಿ (ಅಮೆರಿಕದ ಎರಡು ದೊಡ್ಡ ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ) ಗೆದ್ದಿತು. 1980ರ ಅಕ್ಟೋಬರ್ 21ರಂದು ಕೊನೆಯ ಬ್ಯಾಟರ್‌ನನ್ನು ಔಟ್ ಮಾಡಿ ಪ್ರಶಸ್ತಿ ತಂದುಕೊಟ್ಟವರು ಟಗ್ ಮೆಗ್ರಾ.

ಇದಕ್ಕಿಂತ ದೊಡ್ಡದು

45 ರನ್ ದಾಖಲೆಯಲ್ಲ. ಅಮೆರಿಕದ ದೊಡ್ಡ ಲೀಗ್‌ಗಳ ಒಂದು ಪಂದ್ಯದಲ್ಲಿ ಬಂದ ಅತಿ ಹೆಚ್ಚು ರನ್ 49. ಅದು ನಡೆದದ್ದೂ ಇದೇ ಮೈದಾನದಲ್ಲಿ, ಇದೇ ಎರಡು ತಂಡಗಳ ನಡುವೆ, 1922ರ ಆಗಸ್ಟ್ 25ರಂದು. ಆಗಿನ್ನೂ ರಿಗ್ಲಿ ಎಂಬ ಹೆಸರು ಬಂದಿರಲಿಲ್ಲ. ಅಂದು ಕಬ್ಸ್ ಎರಡನೆಯ ಇನಿಂಗ್‌ನಲ್ಲಿ ಹತ್ತು, ನಾಲ್ಕನೆಯದರಲ್ಲಿ ಹದಿನಾಲ್ಕು ರನ್ ಗಳಿಸಿತು. ನಾಲ್ಕು ಇನಿಂಗ್ ಮುಗಿದಾಗ 25–6.

ಫಿಲ್ಲೀಸ್ ಬಳಿ ಉಳಿದಿದ್ದದ್ದು ಹದಿನೈದು ಔಟ್. ಎಂಟನೆಯದರಲ್ಲಿ ಎಂಟು ರನ್ ಬಂತು, ಒಂಬತ್ತನೆಯದರಲ್ಲಿ ಆರು. 26–23. ಮೂರೂ ಬೇಸ್‌ಗಳ ಮೇಲೆ ಓಟಗಾರರು ನಿಂತಿದ್ದರು. ಒಂದು ಹೊಡೆತ ಬೇಲಿ ದಾಟಿದ್ದರೆ ನಾಲ್ಕು ರನ್, ಮುನ್ನಡೆ ಫಿಲ್ಲೀಸ್‌ನದು. ಇಪ್ಪತ್ತೇಳನೆಯ ಔಟ್ ಒಂದೇ ಬಾಕಿ ಇತ್ತು. ಬ್ಯಾಟರ್ ಮೂರನೆಯ ಸ್ಟ್ರೈಕ್‌ಗೆ ಔಟಾದ. ಬೇಸ್‌ಗಳ ಮೇಲಿದ್ದ ಮೂವರೂ ಅಲ್ಲಿಂದಲೇ ಹಿಂದಿರುಗಿದರು.